ಹನ್ನೆರಡನೇ ರಿಂಗು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಮೂರು ಸಲ ಯೋಚಿಸಿದೆ. ಮೂರು ಸಲವೂ ಇಲ್ಲವೆಂದೇ ಅನ್ನಿಸಿತು. ಆದರೂ ಹೇಳಲು ಕೂತಿದ್ದೇನೆ, ಕ್ಷಮಿಸಬೇಕು. ನಾನು ಎಂಜಿನಿಯರ್ ಅಲ್ಲ. ಪಂಪು ತಯಾರಿಸುವ ಕಾರ್ಖಾನೆಯೊಂದರ ಟೆಸ್ಟಿಂಗ್ ರೂಮಿನಲ್ಲಿ ಹದಿನಾರು ವರ್ಷದಿಂದ ಇರುವವನು. ಹಗಲು ಪಂಪು ಓಡಿಸಿ, ಸಂಜೆ ತರಗತಿಗೆ ಹೋಗಿ, ನಾಲ್ಕು ವರ್ಷದ ಡಿಪ್ಲೊಮಾವನ್ನು ಆರು ವರ್ಷದಲ್ಲಿ ಮುಗಿಸಿದವನು. ಈ ಕತೆಯಲ್ಲಿ ಹೊಸದನ್ನು ಮಾಡಿದವಳು ನನ್ನ ಅಕ್ಕ. ನಾನು ಬರೆದುಕೊಂಡವನು, ಅಷ್ಟೇ. ನಾನು ಬರೆದುಕೊಂಡದ್ದರಿಂದಲೇ ಅರ್ಧ ತೊಂದರೆ ಆಯಿತೆಂದು ಅಕ್ಕ ಹೇಳುತ್ತಾಳೆ. ಅದನ್ನೂ ಇಲ್ಲಿ ಬರೆದುಬಿಟ್ಟಿದ್ದೇನೆ.

ಕಾರ್ಖಾನೆಯಲ್ಲಿ ನನ್ನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. 'ಇನ್ನೊಂದ್ಸಲ' ಎನ್ನುತ್ತಾರೆ. ಒಂದು ಪಂಪನ್ನು ಪರೀಕ್ಷೆ ಮಾಡಿ ಸರಿಯಿದೆ ಎಂದು ಗೊತ್ತಾದ ಮೇಲೂ "ಇನ್ನೊಂದ್ಸಲ ನೋಡ್ತೀನಿ" ಎನ್ನುವುದು ನನ್ನ ಚಟ. ಮನೆಯ ಬೀಗಕ್ಕೂ, ಗ್ಯಾಸಿಗೂ ಅದೇ. ಒಂದು ದಿನ ಬಸ್ಸು ಹತ್ತಿದ ಮೇಲೆ ಬೀಗದ ನೆನಪಾಗಿ ಇಳಿದು ವಾಪಸು ಹೋಗಿದ್ದೆ. ಬೀಗ ಸರಿಯಾಗಿಯೇ ಇತ್ತು. ಬ್ಯಾಗು ಬಸ್ಸಿನಲ್ಲಿ ಹೋಗಿತ್ತು.

ನಮ್ಮ ಟೆಸ್ಟಿಂಗ್ ರೂಮಿಗೆ ಒಂದು ಹಳೆಯ ನಿಯಮವಿದೆ. ಈಗಿನ ಸಾಹೇಬರ ತಂದೆ, ಕಾರ್ಖಾನೆ ಕಟ್ಟಿದವರು, ಬಾಗಿಲ ಮೇಲೆ ಅದನ್ನು ಬಣ್ಣದಲ್ಲಿ ಬರೆಸಿದ್ದರು: 'ಹೇಗೆ ಸತ್ತಿತು ಎಂದು ಬರೆಯದೆ ಯಾವುದನ್ನೂ ಗುಜರಿಗೆ ಹಾಕಬೇಡಿ.' ಅಂದರೆ ತಪ್ಪಾಗಿ ತಯಾರಾದ ಭಾಗವನ್ನೂ ಪಂಪಿಗೆ ಹಾಕಿ, ಕೆಡುವವರೆಗೆ ಓಡಿಸಿ, ಕೆಟ್ಟ ಬಗೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಆ ಬರಹದ ಬಣ್ಣ ಮಾಸಿ 'ಸತ್ತಿತು' ಮಾತ್ರ ಉಳಿದಿತ್ತು. ನಿಯಮ ಪಾಲಿಸುವವನು ನಾನೊಬ್ಬನೇ ಉಳಿದಿದ್ದೆ. ಬಾಕಿಯವರು ತಪ್ಪಾದದ್ದನ್ನು ನೇರ ಗುಜರಿ ಡಬ್ಬಕ್ಕೆ ಎಸೆಯುತ್ತಿದ್ದರು; ನಾನು ಹೋಗಿ ಹೆಕ್ಕಿ ತರುತ್ತಿದ್ದೆ.

ಇನ್ನು ಅಕ್ಕನ ವಿಷಯ. ಅಕ್ಕ ಅದೇ ಕಾರ್ಖಾನೆಯಲ್ಲಿ ಲೇತಿನ ಮೇಲೆ ಸೀಲು ರಿಂಗು ಕಡೆಯುವವಳು. ಪಂಪಿನ ಶಾಫ್ಟು ತಿರುಗುವ ಜಾಗದಿಂದ ನೀರು ಹೊರಗೆ ಬರದ ಹಾಗೆ ಎರಡು ರಿಂಗುಗಳು ಮುಖಕ್ಕೆ ಮುಖ ಒತ್ತಿಕೊಂಡು ಉಜ್ಜುತ್ತಿರುತ್ತವೆ. ಒಂದು ಗಟ್ಟಿ ಲೋಹದ್ದು. ಇನ್ನೊಂದು ಕಾರ್ಬನ್ನಿನದು, ಪೆನ್ಸಿಲ್ ಕಡ್ಡಿಯ ಹಾಗೆ ಕಪ್ಪು. ಉಜ್ಜಿ ಉಜ್ಜಿ ಕಾರ್ಬನ್ ರಿಂಗು ಸವೆಯುತ್ತದೆ. ಪೂರ್ತಿ ಸವೆದ ದಿನ ಹೇಳದೆ ಕೇಳದೆ ನೀರು ನುಗ್ಗುತ್ತದೆ. ಎಲ್ಲ ಕಾರ್ಖಾನೆಗಳ ಪಂಪೂ ಹೀಗೇ.

ಅಕ್ಕನ ಕೈ ಒಳ್ಳೆಯದು, ಬಾಯಿ ಅದಕ್ಕಿಂತ ಜೋರು. ಲೇತು ತಿರುಗುತ್ತಿರುವಾಗಲೂ ಹೆಗಲ ಮೇಲಿಂದ ಹಿಂದೆ ನೋಡಿ ಮಾತಾಡುತ್ತಾಳೆ. ಆ ದಿನ ಮಗಳ ಶಾಲೆಯ ನಾಟಕದ ಕತೆ ಹೇಳುತ್ತಿದ್ದಳು. ಮಗಳು ಮರದ ಪಾತ್ರ. ಅಲುಗಾಡದೆ ನಿಲ್ಲಬೇಕಿತ್ತು. ರಾಜನ ಭಾಷಣದ ನಡುವೆ ಮರಕ್ಕೆ ಸೀನು ಬಂದು ಕಾಗದದ ಎಲೆಗಳೆಲ್ಲ ಒಟ್ಟಿಗೆ ಉದುರಿ ರಾಜನ ತಲೆಯ ಮೇಲೆ ಬಿದ್ದವಂತೆ. ಇದನ್ನು ಅಭಿನಯಿಸಿ ತೋರಿಸುತ್ತಾ, ರಿಂಗಿನ ಹಿಂಬದಿಗೆ ಹಾಕಬೇಕಾದ ಸಣ್ಣ ಗ್ರೂವನ್ನು, ಅಂದರೆ ಗೀರಿನಂಥ ತೋಡನ್ನು, ಮುಂಬದಿಗೆ, ಸವೆಯುವ ಮುಖದ ತುಸು ಹಿಂದೆ ಒಳಸುತ್ತಿಗೆ ಹಾಕಿಬಿಟ್ಟಳು. ಒಂದಲ್ಲ, ಹನ್ನೆರಡು ರಿಂಗಿಗೆ.

ಮಧ್ಯಾಹ್ನ ಟ್ರೇ ನನ್ನ ಮೇಜಿಗೆ ಬಂತು. ಅಳೆದೆ. ಇನ್ನೊಂದು ಸಲ ಅಳೆದೆ. ಅಕ್ಕನ ಲೆಕ್ಕಕ್ಕೆ ಆ ವರ್ಷದಲ್ಲಿ ಆಗಲೇ ಎರಡು ಕೆಂಪು ಶಾಯಿಯ ಸಾಲುಗಳಿದ್ದವು. ಮೂರಾದರೆ ತಿಂಗಳ ಕೊನೆಗೆ ಮೆಷಿನ್ನಿನಿಂದ ಇಳಿಸಿ ಪ್ಯಾಕಿಂಗಿಗೆ ಹಾಕುತ್ತಾರೆ. ಪ್ಯಾಕಿಂಗ್ ಎಂದರೆ ದಿನವಿಡೀ ಪೆಟ್ಟಿಗೆಗೆ ಟೇಪು ಸುತ್ತುವುದು. ಹತ್ತೊಂಬತ್ತು ವರ್ಷದಿಂದ ಲೇತಿನ ಮುಂದೆ ನಿಂತವಳು. ಅದನ್ನು ಒರೆಸುವ ಬಟ್ಟೆಯನ್ನು ಬೇರೆ ಯಾರಿಗೂ ಮುಟ್ಟಲು ಬಿಡದವಳು.

ನಾನು ಕೆಂಪು ಪೆನ್ನು ತೆಗೆದು ಬರೆದೆ. ಮೇಲಾಗಿ ಇನ್ನೊಂದು ಸಾಲೂ ಸೇರಿಸಿದೆ: 'ಹನ್ನೆರಡು ಮಾಡಿದ್ದು, ಹನ್ನೊಂದು ಬಂದದ್ದು. ಒಂದು ಸಿಕ್ಕಿಲ್ಲ.' ಟ್ರೇಯಲ್ಲಿ ನಿಜಕ್ಕೂ ಹನ್ನೊಂದೇ ಇದ್ದವು.

ನಾವು ಒಂದೇ ಮನೆಯ ಮೇಲೆ ಕೆಳಗೆ ಇರುವವರು. ಅಂದು ಸಂಜೆ ಅಕ್ಕ ಮೆಟ್ಟಿಲ ಮೇಲೆಯೇ ಕಾದಿದ್ದಳು.

"ಬರೆದ್ಯಾ?"

"ಬರೆದೆ ಅಕ್ಕ."

"ಕೆಂಪಲ್ಲಾ?"

"ಕೆಂಪಲ್ಲೇ."

"ಅಕ್ಷರನಾದ್ರೂ ಚೆನ್ನಾಗಿತ್ತಾ?"

ಅವಳು ಒಂದು ಗಳಿಗೆ ನನ್ನನ್ನು ನೋಡಿ, "ಹೋಗಲಿ ಬಿಡೋ. ಬರೀದೆ ಇದ್ದಿದ್ರೆ ನಿನಗೆ ಮೂರು ದಿನ ನಿದ್ದೆ ಬರ್ತಿರಲಿಲ್ಲ, ನಿನ್ನ ಓಡಾಟಕ್ಕೆ ಕೆಳಗೆ ನಮಗೂ ಬರ್ತಿರಲಿಲ್ಲ" ಎಂದು ಒಳಗೆ ಹೋದಳು.

ಮರುದಿನದಿಂದ ಕಾಣೆಯಾದ ಆ ಹನ್ನೆರಡನೇ ರಿಂಗಿಗಾಗಿ ಹುಡುಕಾಟ ಶುರು. ಬೀರುಗಳ ಕೆಳಗೆ ತೂರಿದೆ, ಗುಜರಿ ಡಬ್ಬ ಬೋರಲು ಹಾಕಿದೆ. ಭಾವ, ಅಂದರೆ ಅಕ್ಕನ ಗಂಡ, ನಮ್ಮ ಕಾರ್ಖಾನೆಯ ಸರ್ವಿಸ್ ಮೆಕ್ಯಾನಿಕ್; ಗಿರಾಕಿಗಳ ಜಾಗಕ್ಕೆ ಹೋಗಿ ಪಂಪು ರಿಪೇರಿ ಮಾಡುವವರು. ಪಾಪ, ಅವರೂ ಬಂದು ನನಗೆ ಟಾರ್ಚು ಹಿಡಿದರು. "ಆ ಕಡೆ ನೋಡಪ್ಪ ಭಾಮೈದ, ಆ ಮೂಲೇಲಿ ನೋಡು," ಎಂದು ಅರ್ಧ ದಿನ ಸಹಕರಿಸಿದರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಿಯಮದಂತೆ ಉಳಿದ ಹನ್ನೊಂದನ್ನು ಸಾಯಿಸಲು ಕೂತೆ. ಒಂದೊಂದನ್ನು ಒಂದೊಂದು ಪಂಪಿಗೆ ಹಾಕಿ, ಬೇಗ ಸವೆಯಲಿ ಎಂದು ನೀರಿಗೆ ಮರಳು ಬೆರೆಸಿ, ಹಗಲು ರಾತ್ರಿ ಒಟ್ಟಿಗೆ ಓಡಿಸುತ್ತೇವೆ. ಎಂಟು ದಿನ ಏನೂ ಇಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಟೆಸ್ಟಿಂಗ್ ರೂಮಿನಲ್ಲಿ ಯಾರೋ ಸಿಳ್ಳೆ ಹಾಕುತ್ತಿದ್ದರು. ತೆಳ್ಳಗೆ, ಖುಷಿಯಾಗಿ, ಕೆಲಸ ಮುಗಿಸಿ ಮನೆಗೆ ಹೊರಟವರ ಹಾಗೆ. ಕಿಟಕಿಯಾಚೆ ನೋಡಿದೆ, ಯಾರೂ ಇಲ್ಲ. ಕೆಟಲ್ಲಿನ ತಂತಿ ಕಿತ್ತೆ, ನಿಲ್ಲಲಿಲ್ಲ. ನನ್ನದೇ ಕಿವಿ ಇರಬಹುದೆಂದು ಮೂಗು ಹಿಡಿದು ಗಾಳಿ ಊದಿದೆ. ಕೊನೆಗೆ ಪಂಪುಗಳನ್ನು ಒಂದೊಂದಾಗಿ ನಿಲ್ಲಿಸಿದೆ, ಒಂದು ನಿಂತಾಗ ಸಿಳ್ಳೆಯೂ ನಿಂತಿತು. ಶುರು ಮಾಡಿದೆ, ಸಿಳ್ಳೆ ಬಂತು. ನಲವತ್ತನಾಲ್ಕು ಗಂಟೆ ಹಾಗೇ ಸಿಳ್ಳೆ ಹಾಕಿ, ಆಮೇಲೆ ಆ ರಿಂಗು ಸೋರಿತು.

ಮುಖ ಸವೆಯುತ್ತಾ ಸವೆಯುತ್ತಾ ಅಕ್ಕನ ತಪ್ಪು ಗ್ರೂವಿನ ತನಕ ಬರುತ್ತದೆ. ಅಲ್ಲಿ ಕೂದಲೆಳೆಯಷ್ಟು ಸಂದು ತೆರೆದು ಸಿಳ್ಳೆ ಹೊರಡುತ್ತದೆ. ಸೋರುವುದಕ್ಕೆ ಇನ್ನೂ ಎರಡು ದಿನ ಇರುವಾಗಲೇ ಪಂಪು ತಾನಾಗಿಯೇ ಹೇಳುತ್ತದೆ: ನನ್ನ ಕತೆ ಮುಗಿಯುತ್ತಿದೆ, ಬಂದು ನೋಡಿ.

ಬೇರೆಯವರಾಗಿದ್ದರೆ ಆಗಲೇ ಕೂಗಿಕೊಂಡು ಓಡುತ್ತಿದ್ದರು. ನಾನು ಹನ್ನೊಂದೂ ಸಿಳ್ಳೆ ಹಾಕುವ ತನಕ ಬಾಯಿಬಿಡಲಿಲ್ಲ. ಹನ್ನೊಂದೂ ಹಾಕಿದವು. ಆಮೇಲೆ ರಿಜಿಸ್ಟರನ್ನು ಎದೆಗವಚಿಕೊಂಡು 'ಯಾಕಾಗಬಾರದು ಮೇಡಂ' ಹತ್ತಿರ ಹೋದೆ.

ಅವರಿಗೂ ಅದು ನಾವಿಟ್ಟ ಹೆಸರೇ. ಹೊಸ ಉತ್ಪನ್ನಗಳಿಗೆಂದು ವರ್ಷದ ಮೊದಲಲ್ಲಿ ಬಂದ ಎಂಜಿನಿಯರ್. ಏನು ಹೇಳಿದರೂ "ಯಾಕಾಗಬಾರದು?" ಎನ್ನುವವರು. ಖಾಲಿ ಪೆಟ್ಟಿಗೆ ಒಟ್ಟುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟಿದ್ದರು. ಬಂದವರೇ ಬಾಗಿಲಲ್ಲಿ ಒಂದು ಐಡಿಯಾ ಡಬ್ಬ ಇಟ್ಟಿದ್ದರು. ಅದರಲ್ಲಿ ಅಲ್ಲಿಯವರೆಗೆ ಎರಡು ಚೀಟಿ ಬಿದ್ದಿದ್ದವು. ಒಂದರಲ್ಲಿ ಬಾತ್‌ರೂಮಿಗೆ ಫ್ಯಾನು ಹಾಕಿಸಿ ಎಂದಿತ್ತು. ಇನ್ನೊಂದರಲ್ಲಿ, ಈ ಡಬ್ಬ ದಾರಿಗೆ ಅಡ್ಡ ಇದೆ, ತೆಗೆಸಿ ಎಂದಿತ್ತು.

ಮೇಡಂ ಟೆಸ್ಟಿಂಗ್ ರೂಮಿಗೆ ಬಂದು, ಕೊನೆಯ ರಿಂಗಿನ ಸಿಳ್ಳೆಗೆ ಕಿವಿಯಿಟ್ಟು, ನನ್ನ ಕಡೆ ತಿರುಗಿದರು. ಕಣ್ಣು ಅರಳಿಹೋಗಿದ್ದವು.

"ಸಾಯೋ ಮುಂಚೆ ಹೇಳ್ತಿದೆ ಕಣ್ರೀ ಇದು!"

"ಹನ್ನೊಂದರಲ್ಲಿ ಹನ್ನೊಂದು ಮೇಡಂ. ಆದ್ರೆ ಹನ್ನೊಂದು ತುಂಬ ಕಡಿಮೆ. ನಾನು ತಪ್ಪಿರಬಹುದು."

"ನೀವು ತಪ್ಪಿದ್ರೆ ಪಂಪೂ ತಪ್ಪಾ? ಯಾರ್ರೀ ಇದನ್ನ ಡಿಸೈನ್ ಮಾಡಿದ್ದು?"

"ಮರ ಸೀನಿತು ಮೇಡಂ," ಎಂದುಬಿಟ್ಟೆ. ಗಾಬರಿಯಲ್ಲಿ ಅಷ್ಟೇ ಬಾಯಿಗೆ ಬಂತು. ಪೂರ್ತಿ ಕತೆ ಕೇಳಿದ ಮೇಲೆ ಮೇಡಂ ಪಂಪಿನ ಕಟ್ಟೆಯ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. ಮರುಗಳಿಗೆ ಎದ್ದು ಸಾಹೇಬರ ಕೋಣೆಗೆ ನಡೆದರು.

ಸಾಹೇಬರಿಗೆ 'ನೋಡೋಣ' ಎಂಬ ಹೆಸರು ಯಾಕೆ ಬಂತೆಂದು ವಿವರಿಸಬೇಕಾಗಿಲ್ಲ. ಮೇಡಂ ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ ಸಾಹೇಬರು ಹೇಳಿದ್ದು: "ನೋಡೋಣ. ವರ್ಷದ ಕೊನೆಯೊಳಗೆ ಈ ರಿಂಗಿಗೆ ಒಂದೇ ಒಂದು ಆರ್ಡರ್ ತನ್ನಿ. ತಂದ್ರೆ ಅದು ತಪ್ಪಲ್ಲ, ಆಕೆ ಲೇತಿನ ಮೇಲೇ ಇರ್ಲಿ. ತರದಿದ್ರೆ ಆಕೆ ಪ್ಯಾಕಿಂಗಿಗೆ, ನಿಮ್ಮ ಕೋಣೆ ಪೆಟ್ಟಿಗೆಗೆ."

ಎಂಟು ತಿಂಗಳಿತ್ತು. ಧಾರಾಳವಾಯಿತು ಎಂದುಕೊಂಡೆವು.

ಅಕ್ಕ ಈ ಸಲ ಬೇಕೆಂದೇ, ಬಾಯಿಗೆ ಬೀಗ ಹಾಕಿಕೊಂಡು, ಅದೇ ಗ್ರೂವನ್ನು ಅದೇ ಜಾಗಕ್ಕೆ ಹಾಕಿ ಆರು ರಿಂಗು ಮಾಡಿಕೊಟ್ಟಳು. ಕನ್ನಡಿಯಂಥ ಕೆಲಸ. ಆರರಲ್ಲಿ ಒಂದೂ ಸಿಳ್ಳೆ ಹಾಕಲಿಲ್ಲ. ಸುಮ್ಮನೆ ಸೋರಿದವು. ಮತ್ತೆ ಆರು. ಅವೂ ಮೂಗರೇ.

"ಅವತ್ತು ಮಾತಾಡ್ತಾ ಮಾಡಿದ್ದಲ್ವಾ? ಇವತ್ತೂ ಮಾತಾಡಿ ನೋಡು," ಎಂದರು ಭಾವ.

ನಗಬೇಡಿ, ಅದನ್ನೂ ಮಾಡಿದೆವು. ಅಕ್ಕ ಲೇತಿನ ಮುಂದೆ ನಿಂತು, ಹೆಗಲ ಮೇಲಿಂದ ಹಿಂದೆ ನೋಡುತ್ತಾ, ಮರ ಸೀನಿದ ಕತೆಯನ್ನು ಮೊದಲಿಂದ ಹೇಳಿದಳು. ಅವತ್ತು ಕೇಳಿದ್ದವರೇ ಅದೇ ಜಾಗದಲ್ಲಿ ನಿಂತು ಮತ್ತೆ ಕೇಳಿದರು. ರಾಜನ ತಲೆಯ ಮೇಲೆ ಎಲೆ ಬೀಳುವ ಘಟ್ಟಕ್ಕೆ ಸರಿಯಾಗಿ ಗ್ರೂವು ಬೀಳಬೇಕೆಂದು ಮೇಡಂ ಗಡಿಯಾರ ಹಿಡಿದು ಕೈ ಬೀಸಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಸಾಹೇಬರು ಬಾಗಿಲಲ್ಲಿ ಬಂದು ನಿಂತಿದ್ದರು. ಯಾವಾಗ ಹೊರಟುಹೋದರೋ ಯಾರೂ ಗಮನಿಸಲಿಲ್ಲ. ಆ ಆರು ರಿಂಗೂ ಸಿಳ್ಳೆ ಹಾಕಲಿಲ್ಲ.

ಕಾರಣ ಗೊತ್ತಾದದ್ದು ನನ್ನ ಹೆಕ್ಕುವ ಚಟದಿಂದ. ಅಕ್ಕ ಆ ದಿನ ಬಳಸಿದ್ದ ಲೇತಿನ ಉಳಿಯ ತುದಿ ಚೂರು ಮುರಿದಿತ್ತು. ಸಂಜೆ ಅದನ್ನು ಎಸೆದಿದ್ದಳು. ನಾನು ಗುಜರಿಯಿಂದ ಎತ್ತಿ, ಚೀಟಿ ಕಟ್ಟಿ, ಡ್ರಾಯರಿನಲ್ಲಿ ಇಟ್ಟಿದ್ದೆ. ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ ಮುರಿದ ಮೂಲೆಯ ಆಕಾರವೂ, ಮೊದಲ ಹನ್ನೊಂದು ರಿಂಗಿನ ಗ್ರೂವಿನ ಅಂಚಿನ ಆಕಾರವೂ ಒಂದಕ್ಕೊಂದು ಹೊಂದಿದವು. ಒಳ್ಳೆಯ ಉಳಿಯಿಂದ ಒಳ್ಳೆಯ ಗ್ರೂವು. ಒಳ್ಳೆಯ ಗ್ರೂವಿಗೆ ಸಿಳ್ಳೆ ಬರುವುದಿಲ್ಲ.

ಮೇಡಂ ಆ ಮುರುಕಿಗೆ ಡ್ರಾಯಿಂಗ್ ಮಾಡಿದರು. ನಾಲ್ಕು ದಿಕ್ಕಿನಿಂದ ಚಿತ್ರ, ಅಳತೆ, ಮೂಲೆಯ ಕೋನ, ಕೆಳಗೆ ಸಹಿ ಮಾಡುವ ಜಾಗ. ಮೇಲೆ ತಲೆಬರಹ: 'ಮುರುಕು, ಮಾದರಿ ಒಂದು.' ಉಳಿ ಮಾಡುವ ಅಂಗಡಿಯವರು ಮೂರು ಸಲ ಫೋನ್ ಮಾಡಿ, "ಮುರಿದೇ ಕೊಡಬೇಕಾ? ಖಂಡಿತಾನಾ?" ಎಂದು ಕೇಳಿದರು. ಮುರಿದ ಉಳಿಗಳು ಬಂದಾಗ ನಾನು ಒಂದೊಂದನ್ನೂ ಅಳೆದು, ಸರಿಯಾಗಿ ಮುರಿಯದ ಎರಡನ್ನು ವಾಪಸು ಕಳಿಸಿದೆ. ಅಂಗಡಿಯವರು ನಾಲ್ಕನೇ ಸಲ ಫೋನ್ ಮಾಡಿ ಕೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆ ಉಳಿಗಳಿಂದ ಅಕ್ಕ ಮೂವತ್ತು ರಿಂಗು ಮಾಡಿದಳು. ಇಪ್ಪತ್ತೆಂಟು ಸಿಳ್ಳೆ ಹಾಕಿದವು.

ಇಷ್ಟಾಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಇನ್ನು ಮಾರುವುದೊಂದೇ ಬಾಕಿ ಎಂದು ನಾವು ಹಿಗ್ಗಿದ್ದೆವು. ಸೇಲ್ಸಿನವರು ರಿಂಗನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ. "ನಮ್ಮ ಪಂಪು ಕೆಡುತ್ತೆ ಅಂತ ನಾವೇ ಸಿಳ್ಳೆ ಹೊಡೆದು ಊರಿಗೆಲ್ಲ ಹೇಳೋದಾ?" ಎಂದರು. ಮೇಡಂ ತಾವೇ ಬ್ಯಾಗು ಹಿಡಿದು ಹೊರಟರು. ಒಬ್ಬ ಗಿರಾಕಿ, ಶಬ್ದ ಮಾಡದ ಪಂಪು ಇದ್ದರೆ ಹೇಳಿ ಎಂದ. ಇನ್ನೊಬ್ಬ, ಬೇರೆ ಯಾರಾದರೂ ತೆಗೆದುಕೊಂಡಿದ್ದಾರಾ ಎಂದು ಕೇಳಿದ; ಇಲ್ಲ ಎಂದಾಗ, ಅವರು ತೆಗೆದುಕೊಂಡ ಮೇಲೆ ಬನ್ನಿ ಎಂದ. ಹಾಗೆ ಹೇಳಿದವರೇ ಒಂಬತ್ತು ಜನ.

ಅಕ್ಕ ಏನೂ ಆಗಿಲ್ಲದವಳ ಹಾಗೆ ಓಡಾಡುತ್ತಿದ್ದಳು. ಒಂದು ದಿನ ಮಾತ್ರ ಊಟದ ವೇಳೆಯಲ್ಲಿ ಅವಳು ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ ನಿಂತು ಟೇಪು ಸುತ್ತುವುದನ್ನು ನೋಡುತ್ತಿದ್ದಳು. ನನ್ನನ್ನು ಕಂಡದ್ದೇ, "ಅಲ್ಲಿ ಫ್ಯಾನು ಚೆನ್ನಾಗಿದೆ ಕಣೋ," ಎಂದಳು.

ಗಡುವಿಗೆ ಹತ್ತು ದಿನ ಉಳಿದಾಗ ಒಂದು ದೊಡ್ಡ ಲಾಂಡ್ರಿಯ ಒಡತಿ ತಮ್ಮಲ್ಲಿಗೇ ಬಂದು ತೋರಿಸಿ ಎಂದರು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಜಾಗ. ನಮ್ಮದೇ ಹನ್ನೊಂದು ಪಂಪುಗಳು. ಒಂದು ಸೋರಿದರೆ ನೆಲವೆಲ್ಲ ಸೋಪಿನ ನೀರು, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಬೇಕು. ಮೇಡಂ ಹೇಳಿದರು: "ಒಂದು ರಿಂಗನ್ನ ಸವೆಸಿ ಸವೆಸಿ ಸಿಳ್ಳೆಯ ಅಂಚಿಗೆ ತನ್ನಿ. ಅಲ್ಲಿ ಒಂದು ಗಂಟೆ ಓಡಿಸಿದ್ರೆ ಸಿಳ್ಳೆ ಬರಬೇಕು. ಆ ಪಂಪನ್ನ ಅವರ ಹತ್ರಾನೇ ಬಿಟ್ಟು ಬರೋಣ." ನಾನು ನೂರಾ ತೊಂಬತ್ತಾರು ಗಂಟೆ ಓಡಿಸಿ ತಯಾರು ಮಾಡಿದೆ.

ಮರುದಿನ ಮಧ್ಯಾಹ್ನ ನಾವು ನಾಲ್ವರು ಲಾಂಡ್ರಿಯಲ್ಲಿದ್ದೆವು: ಮೇಡಂ, ಅಕ್ಕ, ಭಾವ, ನಾನು. ಒಡತಿ ನಮಗಾಗಿ ಒಗೆಯುವ ಮೆಷಿನ್ನುಗಳನ್ನೆಲ್ಲ ಊಟದ ಬಿಡುವಿನಲ್ಲಿ ನಿಲ್ಲಿಸಿದ್ದರು. ಬಿಸಿನೀರಿನ ಪಂಪುಗಳು ಮಾತ್ರ ಗೋಡೆಯ ಪಕ್ಕ ಎಂದಿನಂತೆ, ನೀರು ಬೇಕಾದಾಗ ಒಂದೊಂದಾಗಿ, ತಾವೇ ಶುರುವಾಗಿ ತಾವೇ ನಿಲ್ಲುತ್ತಿದ್ದವು. ಬಿಳಿ ಚಾದರಗಳ ರಾಶಿಗಳ ನಡುವೆ ಕೆಲಸದವರು ಸುತ್ತುಗಟ್ಟಿ ನಿಂತರು. ಭಾವ ಪಂಪು ಜೋಡಿಸಿ ಸ್ವಿಚ್ಚು ಹಾಕಿದರು.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಪಂಪು ಸದ್ದಿಲ್ಲದೆ ಬೆಣ್ಣೆಯ ಹಾಗೆ ಓಡುತ್ತಿತ್ತು.

"ಏನ್ರೀ, ನಿಮ್ಮ ಪಂಪು ಮುನಿಸ್ಕೊಂಡಿದ್ಯಾ?" ಎಂದರು ಒಡತಿ.

"ಈಗ ಬರುತ್ತೆ," ಎಂದರು ಮೇಡಂ. ನಲವತ್ತು ನಿಮಿಷವಾಯಿತು. ಮೇಡಂ ನನ್ನ ಕಡೆ ನೋಡಿದರು.

"ಮೇಡಂ," ಎಂದೆ, "ಒಂದು ಮಾತು."

"ಹೇಳಿ."

"ನಿನ್ನೆ ಸಂಜೆ ಇನ್ನೊಂದ್ಸಲ ಅಳೆದೆ. ಐದು ಮಿಲಿಮೀಟರ್ ಇರಬೇಕಾದ ರಿಂಗು ನಾಲ್ಕೂವರೆ ಇತ್ತು. ಅಷ್ಟು ಸವೆದ ರಿಂಗಿರೋ ಪಂಪು ಗೇಟು ದಾಟೋ ಹಾಗಿಲ್ಲ, ಪಾಸಿಗೆ ನಾನೇ ಸಹಿ ಹಾಕಬೇಕು. ಗಿರಾಕಿ ಹತ್ರ ಬಿಟ್ಟು ಬರ್ತೀವಿ ಬೇರೆ ಅಂದಿದ್ರಿ. ಹಾಗಾಗಿ..."

"ಹಾಗಾಗಿ?"

"ಹೊಸದು ಹಾಕಿಬಿಟ್ಟೆ."

"ಇದು ಯಾವಾಗ ಸಿಳ್ಳೆ ಹಾಕುತ್ತೆ?"

"ಎಂಟು ಒಂಬತ್ತು ತಿಂಗಳಿಗೆ ಹಾಕಬಹುದು."

ಮೇಡಂ ಮೊದಲ ಸಲ "ಯಾಕಾಗಬಾರದು" ಎನ್ನಲಿಲ್ಲ. ನಾನು ಅಕ್ಕನನ್ನು ನೋಡಲಾರದೆ ನೆಲ ನೋಡಿದೆ. ಕೆಂಪು ಶಾಯಿಯಲ್ಲಿ ಬರೆದವನೂ ನಾನೇ, ಈಗ ಅವಳನ್ನು ಪೆಟ್ಟಿಗೆಗಳ ನಡುವೆ ಕೂರಿಸಿದವನೂ ನಾನೇ. ಆಗ ಒಂದು ವಿಚಿತ್ರ ಸದ್ದು ಕೇಳಿತು. ಅಕ್ಕ ಅಳುತ್ತಿದ್ದಾಳೆ ಎಂದುಕೊಂಡೆ. ಅಕ್ಕ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಂಟು ತಿಂಗಳು ಕಾಯ್ತೀರಾ ಅಮ್ಮಾ?" ಎಂದು ಒಡತಿಯನ್ನು ಕೇಳಿದಳು. "ಕುರ್ಚಿ ತರಿಸಿ, ಕೂತ್ಕೋತೀವಿ. ನನ್ನ ತಮ್ಮ ಇದ್ದಾನಲ್ಲ, ಇವನು ಬೆಂಕಿ ಬಿದ್ರೂ ಬಿಸಿ ಎಷ್ಟಿದೆ ಅಂತ ಇನ್ನೊಂದ್ಸಲ ನೋಡೇ ಓಡೋದು!"

ನಗು ಅಂಟುಜಾಡ್ಯ. ಮೊದಲು ಭಾವ, ಆಮೇಲೆ ಮೇಡಂ, ಆಮೇಲೆ ಚಾದರ ಮಡಿಸುವ ಹೆಂಗಸರು. ಕೊನೆಗೆ ನಾನೂ, ಯಾಕೆಂದು ತಿಳಿಯದೆ. ಎಲ್ಲರೂ ಉಸಿರು ತೆಗೆದುಕೊಳ್ಳಲು ಒಟ್ಟಿಗೆ ನಿಂತ ಆ ಒಂದು ಗಳಿಗೆಯಲ್ಲಿ, ನಮ್ಮ ಬೆನ್ನ ಹಿಂದಿನಿಂದ ತೆಳ್ಳಗೆ, ಖುಷಿಯಾಗಿ ಒಂದು ಸಿಳ್ಳೆ ಕೇಳಿಸಿತು.

ಒಡತಿ ಸರ್ರನೆ ತಿರುಗಿದರು. "ಏಯ್ ಇಸ್ತ್ರಿಯವನೇ! ಮೂರು ದಿನದಿಂದ ಹೇಳ್ತಿದೀನಿ, ಕೆಲಸದ ಜಾಗದಲ್ಲಿ ಸಿಳ್ಳೆ ಹಾಕ್ಬೇಡ ಅಂತ!"

ಗೋಡೆಯ ಪಕ್ಕ ಇಸ್ತ್ರಿ ಮೇಜಿನ ಮುಂದೆ ಕೂತಿದ್ದ ನಡುವಯಸ್ಸಿನ ಮನುಷ್ಯ ಎರಡೂ ಕೈ ಎತ್ತಿದ. ಬಾಯಲ್ಲಿ ಊಟದ ತುತ್ತಿತ್ತು. ಅದನ್ನು ನುಂಗಿ, "ನಾನಲ್ಲ ಅಂತ ನಾನೂ ಮೂರು ದಿನದಿಂದ ಹೇಳ್ತಿದೀನಿ ಅಮ್ಮಾ! ನನಗೆ ಸಿಳ್ಳೆ ಹಾಕೋಕೇ ಬರಲ್ಲ!" ಎಂದ. ಅವನು ಮಾತಾಡುತ್ತಿರುವಾಗಲೂ ಸಿಳ್ಳೆ ಕೇಳುತ್ತಲೇ ಇತ್ತು.

ನಾನು ಆ ಸದ್ದಿನ ಹಿಂದೆ ಹೋದೆ. ಬಿಸಿನೀರಿನ ಪಂಪುಗಳ ಸಾಲು. ನಾಲ್ಕು, ಐದು, ಆರು. ಏಳನೆಯದರ ಮುಂದೆ ಕಾಲು ನಿಂತಿತು. ಎಂಟು ತಿಂಗಳ ಹಿಂದೆ ಬೀರುಗಳ ಕೆಳಗೆ ಹುಡುಕಿದ್ದು ಕಣ್ಣ ಮುಂದೆ ಬಂತು. ನಿಧಾನವಾಗಿ ತಿರುಗಿ ನೋಡಿದೆ. ಭಾವ ಮಾಡಿನ ಕಡೆ ಮುಖ ಎತ್ತಿ ಅಲ್ಲಿನ ಪೈಪುಗಳನ್ನು ಬಹಳ ಆಸಕ್ತಿಯಿಂದ ಎಣಿಸುತ್ತಿದ್ದರು.

"ಭಾವ?"

"ಹ್ಞೂಂ."

"ಈ ಪಂಪು ರಿಪೇರಿ ಮಾಡಿದ್ದು ಯಾರು?"

"ಯಾರೋ ಸರ್ವಿಸಿನವರಿರಬೇಕು."

"ರೀ," ಎಂದಳು ಅಕ್ಕ.

ಅಷ್ಟು ಸಾಕಾಯಿತು. "ಆಯ್ತು, ನಾನೇ. ಅವತ್ತು ಲೇತಿನ ಹತ್ರ ಇವಳ ಟ್ರೇ ಪಕ್ಕದಿಂದ ಹೋಗ್ತಿದ್ದೆ. ಇಲ್ಲಿಂದ ಫೋನು, ನೆಲ ಪೂರ್ತಿ ನೀರು ಅಂತ. ಸ್ಟೋರಿಗೆ ಹೋದ್ರೆ ಚೀಟಿ ಕೇಳ್ತಾರೆ, ಚೀಟಿಗೆ ಸಹಿ, ಸಹಿ ಹಾಕೋರು ಊಟಕ್ಕೆ ಹೋಗಿದ್ರು. ಹೆಂಡತಿ ಮಾಡಿದ್ದು ತಾನೇ, ಯಾವುದಾದ್ರೇನು ಅಂತ ಒಂದು ಎತ್ಕೊಂಡೆ."

"ನೀವು ನನಗೆ ಟಾರ್ಚು ಹಿಡಿದ್ರಿ ಭಾವ! ಅರ್ಧ ದಿನ!"

"ನೀನು ಕೆಂಪಲ್ಲಿ ಬರೆದಾದ್ಮೇಲೆ ಯಾರಪ್ಪ ಬಾಯಿಬಿಡ್ತಾರೆ? ಪಾಪ ಅಂತ ಟಾರ್ಚಾದ್ರೂ ಹಿಡಿದೆ."

ಏಳನೇ ಪಂಪು ನಿಲ್ಲಿಸಿ ಭಾವ ಬಿಚ್ಚಿದರು. ರಿಂಗು ಕೈಗೆ ಬಂತು. ಮುಖ ಸವೆದು, ಗ್ರೂವು ಒಂದು ಕಡೆ ಕೂದಲೆಳೆಯಷ್ಟು ತೆರೆದಿತ್ತು. ಹಿಂಬದಿಯಲ್ಲಿ ಎರಡು ಸಣ್ಣ ಚುಕ್ಕೆ. ನಮ್ಮಲ್ಲಿ ಲೇತಿನವರು ತಂತಮ್ಮ ಕೆಲಸಕ್ಕೆ ಒಂದೊಂದು ಗುರುತು ಹಾಕುತ್ತಾರೆ. ಎರಡು ಚುಕ್ಕೆ ಅಕ್ಕನದು. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ, ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ನೋಡಿದಳು.

"ಅಂದ್ರೆ ನಾಳೆ ನನ್ನ ನೆಲ ಮತ್ತೆ ನೀರಾಗ್ತಿತ್ತು?" ಎಂದರು ಒಡತಿ.

"ನಾಳೆ ಅಂತಲೇ ಹೇಳೋಕಾಗಲ್ಲ," ಎಂದೆ. "ಟೆಸ್ಟಿಂಗಲ್ಲಿ ಮರಳು ನೀರು, ಇಲ್ಲಿ ಬಿಸಿನೀರು. ಇಲ್ಲಿ ಆಗಲೇ ಮೂರು ದಿನ ಆಗಿದೆ. ನನ್ನ ಲೆಕ್ಕ ತಪ್ಪಿರಬಹುದು."

"ಎಲ್ಲಾ ರಿಂಗೂ ಹೀಗೇ ಹೇಳುತ್ತಾ?"

ಮೇಡಂ ಬಾಯಿ ತೆರೆದರು. ಅವರಿಗಿಂತ ಮೊದಲು ನನ್ನ ಬಾಯಿ ತೆರೆದಿತ್ತು. "ಇಲ್ಲ ಅಮ್ಮಾ. ಮೂವತ್ತು ನೋಡಿದ್ವಿ. ಎರಡು ಏನೂ ಹೇಳದೆ ಸೋರಿದ್ವು."

ಮೇಡಂ ಕಣ್ಣು ಮುಚ್ಚಿಕೊಂಡರು. ಒಡತಿ ಇಸ್ತ್ರಿಯವನ ಕಡೆ ತಿರುಗಿದರು.

"ಇವನೂ ಅಷ್ಟೇ. ತಿಂಗಳಲ್ಲಿ ಎರಡು ದಿನ ಹೇಳದೆ ಕೇಳದೆ ಬರಲ್ಲ. ಹಾಗಂತ ಬಿಟ್ಟಿದೀನಾ? ಹನ್ನೊಂದು ಪಂಪಿಗೂ ಹಾಕಿ. ಬರೆದುಕೊಡಿ, ಎಲ್ಲಿ ಸಹಿ ಹಾಕ್ಬೇಕು?"

"ಸಿಳ್ಳೆ ನಂದಲ್ಲ ಅಂತನೂ ಬರೆದುಕೊಡಿ ಸಾರ್," ಎಂದ ಇಸ್ತ್ರಿಯವನು. ಬರೆದುಕೊಟ್ಟೆ. ಕಾರ್ಖಾನೆಯ ಕಾಗದದಲ್ಲಿ, ದಿನಾಂಕ ಹಾಕಿ.

ವಾಪಸು ಬರುವಾಗ ಸರ್ವಿಸ್ ವ್ಯಾನಿನಲ್ಲಿ ನಾಲ್ವರೂ ಸಿಳ್ಳೆ ಹಾಕುತ್ತಾ ಬಂದೆವು. ಮೇಡಂಗೆ ಸಿಳ್ಳೆ ಹಾಕಲು ಬರುವುದಿಲ್ಲ, ಬರೀ ಗಾಳಿ ಬರುತ್ತದೆ, ಆದರೂ ಬಿಡಲಿಲ್ಲ. ಆರ್ಡರಿನ ಕಾಗದವನ್ನು ಸಾಹೇಬರ ಮೇಜಿನ ಮೇಲೆ ಇಟ್ಟಾಗ ಅವರು ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. "ನೋಡಿದೆ," ಎಂದರು. ಹದಿನಾರು ವರ್ಷದಲ್ಲಿ ನಾನು ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಅಕ್ಕ ಈಗಲೂ ಲೇತಿನ ಮೇಲಿದ್ದಾಳೆ, ಈಗಲೂ ಹೆಗಲ ಮೇಲಿಂದ ಹಿಂದೆ ನೋಡಿ ಮಾತಾಡುತ್ತಾಳೆ. ಮೇಡಂ ಕೋಣೆಯಲ್ಲಿ ಪೆಟ್ಟಿಗೆಗಳಿಲ್ಲ. ಐಡಿಯಾ ಡಬ್ಬವನ್ನು ತೆಗೆದು, ಆ ಜಾಗದಲ್ಲಿ ತಪ್ಪಾದ ಭಾಗಗಳನ್ನು ಹಾಕುವ ಟ್ರೇ ಇಟ್ಟಿದ್ದಾರೆ. ಅದು ದಿನಾ ತುಂಬುತ್ತದೆ. ಬಾಗಿಲ ಮೇಲಿನ ಮಾಸಿದ ಬರಹಕ್ಕೆ ಹೊಸ ಬಣ್ಣ ಬಂದಿದೆ.

ಕೆಂಪು ಸಾಲನ್ನು ಅಳಿಸುವಂತಿಲ್ಲ, ಅದು ಹಾಗೇ ಇದೆ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಸೇರಿಸಿದ್ದೇನೆ: 'ಹನ್ನೆರಡನೆಯದು ಸಿಕ್ಕಿತು. ಲಾಂಡ್ರಿಯ ಏಳನೇ ಪಂಪಿನಲ್ಲಿ ಎಂಟು ತಿಂಗಳು ಕೆಲಸ ಮಾಡಿತು. ಸಿಳ್ಳೆ ಹಾಕಿತು.' ಅಕ್ಕ ಬಂದು ಓದಿ, "ಅಕ್ಷರ ಚೆನ್ನಾಗಿದೆ," ಎಂದು ಹೋದಳು.

ಮಾತು ಸಿಗದೆ ಸೋರಿದ ಆ ಎರಡು ರಿಂಗುಗಳು ನನ್ನ ಡ್ರಾಯರಿನಲ್ಲಿವೆ. ಅದೇ ಉಳಿ, ಅದೇ ಕೈ, ಅದೇ ಕಾರ್ಬನ್ನು. ಅಳೆದೆ, ಒಂದನ್ನು ಅಡ್ಡಲಾಗಿ ಕೊಯ್ದು ನೋಡಿದೆ, ಸಂಜೆ ತರಗತಿಯ ಮೇಷ್ಟ್ರಿಗೂ ಒಯ್ದು ತೋರಿಸಿದೆ. ಈಗ ಮಾಡುವ ರಿಂಗುಗಳಲ್ಲೂ ಮೂವತ್ತಕ್ಕೆ ಒಂದೋ ಎರಡೋ ಹಾಗೆಯೇ ಸುಮ್ಮನಿರುತ್ತವೆ. ಯಾಕೆ ಎಂದು ನನಗೆ ಗೊತ್ತಿಲ್ಲ.